ಹಳೇ ರಿಸೀವರ್, ಹೊಸ ಸ್ಪೀಕರ್: ಸೌಂಡು ಯಾಕೋ ಸಪ್ಪೆ. ಆಂಪ್ ಬದಲಿಸಬೇಕಾ?

ವಿಜಯನಗರ_ಹಾಲ್:
ರಿಸೀವರ್ (ರೇಡಿಯೊ, ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿ) 1990ರ ದಶಕದ್ದು, ಬರೀ ಸ್ಟೀರಿಯೊ. 8 ಓಮ್‌ಗೆ ಚಾನೆಲ್‌ಗೆ 55 ವ್ಯಾಟ್, ಹಿಂದೆ ವೈರ್ ಸಿಕ್ಕಿಸೋ ಸ್ಪ್ರಿಂಗ್ ಕ್ಲಿಪ್, ಎ ಮತ್ತು ಬಿ ಅಂತ ಎರಡು ಜೋಡಿ ಸ್ಪೀಕರ್‌ಗೆ. ಹೊಸ ಬುಕ್‌ಶೆಲ್ಫ್ ಸ್ಪೀಕರ್ 6 ಓಮ್, ಸೆನ್ಸಿಟಿವಿಟಿ 86 ಡಿಬಿ, ಗಾಳಿ ಹೊರಬರೋ ತೂತು (ಪೋರ್ಟ್) ಹಿಂಬದಿಗೆ, '150 ವ್ಯಾಟ್‌ವರೆಗೆ' ಅಂತ ಬರೆದಿದೆ. ಹಾಲ್ 12×10 ಅಡಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಸ್ಪೀಕರ್ ಇರೋದು ಟಿವಿ ಶೋಕೇಸ್ ಒಳಗೆ. ಟಿವಿಯ ಹೆಡ್‌ಫೋನ್ ಜಾಕ್‌ನಿಂದ ರಿಸೀವರ್‌ಗೆ ಕೇಬಲ್.

ತೊಂದರೆ ಹೀಗಿದೆ: ಬೇಸ್ ಗುಂಯ್ ಅನ್ನುತ್ತೆ, ಆದರೆ ಗಟ್ಟಿ ಇಲ್ಲ. ಹಾಡುವವರ ದನಿ ನಡುವೆ ನಿಲ್ಲಲ್ಲ, ಎಲ್ಲಿಂದಲೋ ಬಂದ ಹಾಗಿರುತ್ತೆ. ಸಣ್ಣ ವಾಲ್ಯೂಮ್‌ನಲ್ಲಿ ಬಲಗಡೆ ಆಗಾಗ ಮಾಯ, ಜೋರು ಮಾಡಿದರೆ ವಾಪಸ್ ಬರುತ್ತೆ. ವಾಲ್ಯೂಮ್ ತಿರುಗಿಸಿದರೆ ಕರಕರ. '55 ವ್ಯಾಟ್ ಸಾಲಲ್ಲ, ಹೊಸ ಆಂಪ್ ತಗೊಳ್ಳಿ' ಅಂತ ಸಲಹೆ ಬಂದಿದೆ. ನಿಜವಾ?

ಸೋಲ್ಡರ್‌ಕಡ್ಡಿ:
55 ವ್ಯಾಟ್ ಧಾರಾಳವಾಗಿ ಸಾಕು ಸರ್. ಲೆಕ್ಕ ಹಾಕಿ ನೋಡಿ. 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 86 ಡಿಬಿ. ಸೋಫಾ 8 ಅಡಿ ದೂರ ಇದ್ದರೆ ಸುಮಾರು 8 ಕಳೀರಿ, ಎರಡು ಸ್ಪೀಕರ್ ಅಂತ 3 ಸೇರಿಸಿ. ಒಂದೊಂದು ವ್ಯಾಟ್‌ಗೇ 81 ಆಯ್ತು. ಪವರ್ ದುಪ್ಪಟ್ಟಾದಾಗಲೆಲ್ಲ 3 ಡಿಬಿ ಏರುತ್ತೆ, 55ಕ್ಕೆ ಹೋಗೋ ಹೊತ್ತಿಗೆ 98. ಅಷ್ಟು ಜೋರಿಟ್ಟರೆ ಪಕ್ಕದ ಮನೆಯವರು ಬಾಗಿಲು ಬಡೀತಾರೆ. 150 ಅನ್ನೋದು ಸ್ಪೀಕರ್ ತಡ್ಕೊಳ್ಳೋ ಮಿತಿ, ಅದರ ದಿನದ ಊಟ ಅಲ್ಲ.

ಬಲಗಡೆ ಮಾಯ ಆಗೋದು ಹಳೇ ರಿಸೀವರ್‌ಗಳ ಮಾಮೂಲಿ ಕಾಯಿಲೆ: ಸ್ಪೀಕರ್ ರಿಲೇ, ಅಂದರೆ ಸ್ಪೀಕರ್‌ಗೆ ಸಿಗ್ನಲ್ ಬಿಡೋ ಒಳಗಿನ ಸ್ವಿಚ್. ಆನ್ ಮಾಡಿದ ಮೂರ್ನಾಲ್ಕು ಸೆಕೆಂಡಿಗೆ ಒಳಗೆ 'ಟಕ್' ಅನ್ನುತ್ತಲ್ಲ, ಅದೇ. ಅದರ ಕಾಂಟ್ಯಾಕ್ಟ್ ಕಪ್ಪು ಹಿಡಿದಿರುತ್ತೆ. ಸಣ್ಣ ಸಿಗ್ನಲ್ ಆ ಪದರ ದಾಟಲ್ಲ, ದೊಡ್ಡದು ದಾಟುತ್ತೆ. ಜೋರು ಮಾಡಿದರೆ ವಾಪಸ್ ಬರೋದು ಅದಕ್ಕೇ. ಆದರೂ ಊಹೆ ಮೇಲೆ ಬಿಚ್ಚಬೇಡಿ. ಆಫ್ ಮಾಡಿ ರಿಸೀವರ್ ಹಿಂದೆ ಎಡ–ಬಲ ಸ್ಪೀಕರ್ ವೈರ್ ಅದಲು ಬದಲು ಮಾಡಿ. ಈಗ ಎಡಗಡೆ ಸ್ಪೀಕರ್ ಮಾಯ ಆದರೆ ತಪ್ಪು ರಿಸೀವರ್‌ದು, ಬಲಗಡೆಯದೇ ಆದರೆ ವೈರ್ ಅಥವಾ ಸ್ಪೀಕರ್‌ದು. ರಿಸೀವರ್ ಅಂತ ಗೊತ್ತಾದ ಮೇಲೆ ಟಿವಿ ಬಿಟ್ಟು ಎಫ್‌ಎಂ ಹಾಕಿ. ಅಲ್ಲೂ ಹಾಗೇ ಆದರೆ ಟಿವಿ ಕೇಬಲ್ ನಿರಪರಾಧಿ. ಸ್ಪೀಕರ್ ಎ ಬಟನ್ ಹತ್ತು ಸಲ ಒತ್ತಿ ಬಿಡಿ. ಸ್ವಲ್ಪ ಹೊತ್ತು ಸರಿಹೋದರೆ ಅನುಮಾನ ಇರೋದು ಆ ಸ್ವಿಚ್ ಅಥವಾ ರಿಲೇ ಮೇಲೇ.

ರಿಲೇ ಹೊಸದು ಹಾಕೋದೇ ವಾಸಿ. ಮೈಮೇಲೆ ಕಾಯಿಲ್ ವೋಲ್ಟೇಜ್ ಬರೆದಿರುತ್ತೆ, ಸಾಮಾನ್ಯವಾಗಿ 24 ವೋಲ್ಟ್ ಡಿಸಿ. ವೋಲ್ಟೇಜ್, ಕಾಲುಗಳ ಜೋಡಣೆ, ಕಾಂಟ್ಯಾಕ್ಟ್ ಆಂಪಿಯರ್ ಮೂರೂ ಹೊಂದಬೇಕು. ಹಳೇದನ್ನ ಕಿತ್ತು ಜೇಬಿಗೆ ಹಾಕ್ಕೊಂಡು ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗೋ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಪಕ್ಕ ಇಟ್ಟು ನೋಡಿ ತನ್ನಿ. ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಡಿ, ಕಾಂಟ್ಯಾಕ್ಟಿನ ಬೆಳ್ಳಿ ಲೇಪ ಹೋಗುತ್ತೆ, ತಿಂಗಳೊಪ್ಪತ್ತಿಗೆ ಮತ್ತೆ ಅದೇ ಗತಿ.

ಕರಕರಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು. ಪ್ಲಗ್ ಕಿತ್ತು, ಮುಚ್ಚಳ ಬಿಚ್ಚುವ ಮುಂಚೆ ಅರ್ಧ ಗಂಟೆ ಬಿಡಿ. ವಾಲ್ಯೂಮ್ ಪಾಟ್‌ನ (ನಾಬ್ ಹಿಂದೆ ತಿರುಗೋ ಭಾಗ) ಕಾಲುಗಳ ಹತ್ತಿರ ಸಣ್ಣ ಸಂದಿ ಇರುತ್ತೆ, ಅಲ್ಲಿಗೆ ಕೊಳವೆ ಇಟ್ಟು ಒಂದೆರಡು ಸಲ ಚುಯ್ ಅನ್ನಿಸಿ, ಈ ತುದಿಯಿಂದ ಆ ತುದಿಗೆ 30 ಸಲ ತಿರುಗಿಸಿ, ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ಹೊರಗಿನಿಂದ ನಾಬ್ ಸಂದಿಗೆ ಹೊಡೆದರೆ ಒಳಗಿನ ಕಾರ್ಬನ್ ಪಟ್ಟಿಗೆ ಮುಟ್ಟಲ್ಲ. ಬಾಗಿಲ ಕೀಲಿಗೆ ಹೊಡೆಯೋ ಮಾಮೂಲಿ ಡಬ್ಲ್ಯೂಡಿ-40 ಬೇಡ, ಜಿಡ್ಡು ಉಳಿದು ಧೂಳು ಕೂರುತ್ತೆ. ಬ್ಯಾಲೆನ್ಸ್, ಬೇಸ್, ಟ್ರೆಬಲ್ ನಾಬ್‌ಗೂ ಇದೇ ಸೇವೆ.

ಇದಕ್ಕೆಲ್ಲ ಮುಂಚೆ ಒಂದು ಕೆಲಸ: ರಿಸೀವರ್‌ನಿಂದ ಸ್ಪೀಕರ್‌ಗೆ ಡಿಸಿ ಸೋರುತ್ತಿದೆಯಾ ನೋಡಿ, ಹೆಚ್ಚಾದರೆ ಸ್ಪೀಕರ್ ಸುಡುತ್ತೆ. ಸ್ಪೀಕರ್ ಬಿಚ್ಚಿ, ವಾಲ್ಯೂಮ್ ಸೊನ್ನೆಗಿಟ್ಟು, ಆನ್ ಮಾಡಿ ಐದು ನಿಮಿಷ ಬಿಟ್ಟು, ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು ಸ್ಪೀಕರ್ ಟರ್ಮಿನಲ್‌ನಲ್ಲಿ ಅಳೀರಿ. 50ರ ಒಳಗಿದ್ದರೆ ನಿಶ್ಚಿಂತೆ. 100 ದಾಟಿದರೆ ಹೊಸ ಸ್ಪೀಕರ್ ಮತ್ತೆ ಸಿಕ್ಕಿಸಬೇಡಿ, ಮೊದಲು ಮೆಕ್ಯಾನಿಕ್‌ಗೆ ತೋರಿಸಿ.

ಜಮಖಾನ_ಪಾರ್ಟಿ:
ಮೇಲಿನವರು ಪೆಟ್ಟಿಗೆ ಒಳಗಿನದ್ದು ಹೇಳಿದ್ರು, ಹೊರಗಿನದ್ದು ನಾನು ಹೇಳ್ತೀನಿ. ದನಿ ನಡುವೆ ನಿಲ್ಲಲ್ಲ, ಬೇಸ್ ಗಟ್ಟಿ ಇಲ್ಲ ಅಂದ ತಕ್ಷಣ ಮೊದಲ ಅನುಮಾನ ಪೊಲಾರಿಟಿ. ಒಂದು ಸ್ಪೀಕರ್ ಕೆಂಪು–ಕಪ್ಪು ಉಲ್ಟಾ ಆಗಿದ್ದರೆ ಒಂದರ ಕೋನ್ ಮುಂದೆ ಬಂದಾಗ ಇನ್ನೊಂದರದು ಹಿಂದೆ ಹೋಗುತ್ತೆ, ಬೇಸ್ ಒಂದನ್ನೊಂದು ತಿಂದು ಹಾಕುತ್ತೆ. ಹಳೇ ವೈರಿನಲ್ಲಿ ಎರಡೂ ಎಳೆ ಒಂದೇ ಥರ ಕಾಣಿಸೋದರಿಂದ ಇದು ದಿನಾ ಆಗೋ ತಪ್ಪು. ಪತ್ತೆ ಹಚ್ಚೋದು ಸುಲಭ: ಎಫ್‌ಎಂನಲ್ಲಿ ಆಕಾಶವಾಣಿ ಬೆಂಗಳೂರಿನ 101.3 ಅಥವಾ 102.9 ಹಾಕಿ, ಮೋನೊ ಬಟನ್ ಒತ್ತಿ, ಯಾರಾದರೂ ಮಾತಾಡ್ತಿರುವಾಗ ಎರಡು ಸ್ಪೀಕರ್‌ಗೆ ಸಮ ದೂರದಲ್ಲಿ ಕೂತು ಕೇಳಿ. ದನಿ ನಟ್ಟನಡುವೆ ಮೂಗಿನ ನೇರಕ್ಕೆ ಬರಬೇಕು. ತಲೆ ಸುತ್ತಮುತ್ತ ಹರಡಿಕೊಂಡರೆ ಒಂದು ಕಡೆ ಉಲ್ಟಾ. ವೈರಿನ ಯಾವ ಎಳೆ ಯಾವುದು ಅಂತ ಗೊತ್ತಾಗದಿದ್ದರೆ ರಿಸೀವರ್ ತುದಿ ಬಿಚ್ಚಿ, 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ವೂಫರ್ (ಬೇಸ್ ಕೊಡೋ ದೊಡ್ಡ ಕೋನ್) ಮುಂದಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ಮುಟ್ಟಿರೋದೇ ಕೆಂಪಿನ ಎಳೆ.

ಇನ್ನು ಶೋಕೇಸ್. ಹಿಂಬದಿ ಪೋರ್ಟ್ ಇರೋ ಸ್ಪೀಕರನ್ನು ಮರದ ಗೂಡೊಳಗೆ ತುರುಕಿದರೆ ಗುಂಯ್ ಅನ್ನದೆ ಇನ್ನೇನು ಮಾಡುತ್ತೆ! ಹೊರಗೆ ತನ್ನಿ. ಗೋಡೆಯಿಂದ ಒಂದಡಿಯಾದರೂ ಮುಂದೆ, ಟ್ವೀಟರ್ (ಟ್ರೆಬಲ್ ಕೊಡೋ ಚಿಕ್ಕದು) ಕೂತವರ ಕಿವಿ ಎತ್ತರಕ್ಕೆ, ಅಂದರೆ ನೆಲದಿಂದ ಸುಮಾರು 3 ಅಡಿ. ಎರಡರ ನಡುವಿನ ಅಂತರ ನಿಮ್ಮಿಂದ ಸ್ಪೀಕರ್‌ಗಿರುವ ದೂರದಷ್ಟೇ ಇರಲಿ. ಸ್ಟ್ಯಾಂಡ್‌ಗೆ ದುಡ್ಡು ಸುರಿಯಬೇಕಿಲ್ಲ, ಹಾಲೋ ಬ್ಲಾಕ್ ಜೋಡಿಸಿ ಮೇಲೆ ಉಳಿಕೆ ಗ್ರಾನೈಟ್ ತುಂಡು ಅಥವಾ ಕಡಪ ಕಲ್ಲು ಇಟ್ಟು, ಅದರ ಮೇಲೆ ನಾಲ್ಕು ರಬ್ಬರ್ ಬುಷ್. ಅಲ್ಲಾಡದಿದ್ದರೆ ಆಯ್ತು. ಜಾಗವೇ ಇಲ್ಲದಿದ್ದರೆ ಪೋರ್ಟಿಗೆ ಸ್ಪಂಜು ತುರುಕಿ. ಆಳದ ಬೇಸ್ ಸ್ವಲ್ಪ ಹೋಗುತ್ತೆ, ಗುಂಯ್ಗಾಟ ನಿಲ್ಲುತ್ತೆ.

12 ಅಡಿ ಉದ್ದದ ರೂಮು ತಾನಾಗಿಯೇ 47 ಹರ್ಟ್ಸ್ ಹತ್ತಿರ ಮೊರೆಯುತ್ತೆ, 10 ಅಡಿಯ ಕಡೆ 56. ಸೋಫಾ ಗೋಡೆಗೆ ಅಂಟಿದ್ದರೆ ಅದು ಇನ್ನೂ ದಪ್ಪ ಕೇಳಿಸುತ್ತೆ. ಸೋಫಾ ಒಂದಡಿ ಮುಂದೆ ಎಳೆದು ನೋಡಿ. ಚಪ್ಪಾಳೆ ತಟ್ಟಿದಾಗ ಟೈಲ್ಸ್–ಗೋಡೆ ನಡುವೆ 'ಟ್ರಿಂಗ್' ಅಂತ ಬಾಲ ಉಳಿದರೆ ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ದಪ್ಪ ಕರ್ಟನ್. ಹೊಸ ಆಂಪ್‌ಗಿಂತ ಚಿಕ್ಕಪೇಟೆಯ ಜಮಖಾನ ಹೆಚ್ಚು ಕೆಲಸ ಮಾಡುತ್ತೆ ಅನ್ನೋದು ನನ್ನ ವಾದ.

ಫುಲ್_ರೀಕ್ಯಾಪ್:
30 ವರ್ಷದ ರಿಸೀವರ್ ಅಂದ್ರೆ ಕೆಪಾಸಿಟರ್ ಎಲ್ಲ ಒಣಗಿರುತ್ತೆ. ಒಂದೂ ಬಿಡದೆ ಬದಲಿಸಿ.

ಸೋಲ್ಡರ್‌ಕಡ್ಡಿ:
ಒಪ್ಪಲ್ಲ. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಸ್ಪೀಕರ್‌ನಲ್ಲಿ 100 ಹರ್ಟ್ಸ್‌ನ ಗುಂಗು ಕೇಳಿಸಿದರೆ, ದೊಡ್ಡ ಫಿಲ್ಟರ್ ಕೆಪಾಸಿಟರ್ ತಲೆ ಉಬ್ಬಿದ್ದರೆ, ಆಗ ಬದಲಿಸಿ. ಪ್ರಶ್ನೆಯಲ್ಲಿ ಆ ಲಕ್ಷಣ ಯಾವುದೂ ಇಲ್ಲ. ಸುಮ್ಮನೆ ನೂರು ಕಡೆ ಸೋಲ್ಡರ್ ಕರಗಿಸಿದರೆ ಹಳೇ ಬೋರ್ಡಿನ ತಾಮ್ರದ ಪಟ್ಟಿ ಎದ್ದು ಬರುತ್ತೆ, ಒಂದೇ ಒಂದು ಕೆಪಾಸಿಟರ್ ಉಲ್ಟಾ ಕೂತರೆ ಪಟಾಕಿ.

ಪಿಸಿಎಂ:
ಟಿವಿ ಕಡೆಯಿಂದ ಎರಡು ಮಾತು. ಹೆಡ್‌ಫೋನ್ ಜಾಕ್‌ಗಿಂತ ಆಪ್ಟಿಕಲ್ ಔಟ್ ವಾಸಿ. ನಡುವೆ ಚಿಕ್ಕ ಡ್ಯಾಕ್ (ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡೋ ಪೆಟ್ಟಿಗೆ) ಇಟ್ಟು, ಟಿವಿ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ಪಿಸಿಎಂ (ಸಾದಾ ಡಿಜಿಟಲ್ ಸೌಂಡು) ಮಾಡಿ. ಡಾಲ್ಬಿ ಅಥವಾ ಬಿಟ್‌ಸ್ಟ್ರೀಮ್‌ನಲ್ಲಿ ಬಿಟ್ಟರೆ ಸಾಮಾನ್ಯ ಡ್ಯಾಕ್‌ಗೆ ಅರ್ಥ ಆಗಲ್ಲ, ಮೌನ ಅಥವಾ ಬರೀ ಗೊರಗೊರ. ರಿಸೀವರ್‌ನಲ್ಲಿ ಸಿಡಿ ಅಥವಾ ಆಕ್ಸ್‌ಗೆ ಕೊಡಿ. ಫೋನೊ ಖಾಲಿ ಇದೆ ಅಂತ ಅಲ್ಲಿಗೆ ಸಿಕ್ಕಿಸಬೇಡಿ, ಅದು ರೆಕಾರ್ಡ್ ಪ್ಲೇಯರ್‌ನ ಕೆಲವೇ ಮಿಲಿವೋಲ್ಟ್‌ಗೆ ಮಾಡಿದ್ದು. ಸೌಂಡು ಒಡೆದು, ಬೇಸ್ ಊದಿಕೊಂಡು ಬರುತ್ತೆ. ಸೌಂಡೇ ಬರದಿದ್ದರೆ ಟೇಪ್ ಡೆಕ್ ಸೌಂಡು ಕೇಳಿಸೋ ಟೇಪ್ ಮಾನಿಟರ್ ಬಟನ್ ಒತ್ತಿದೆಯಾ ನೋಡಿ.

ಡ್ಯಾಕ್ ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತೆ, ಹಳೇ ರಿಸೀವರ್‌ಗೆ ಪೂರ್ತಿ ಪವರ್‌ಗೆ 150–200 ಮಿಲಿವೋಲ್ಟೇ ಸಾಕು. ಹಾಗಾಗಿ ನಾಬ್ ಸ್ವಲ್ಪ ತಿರುಗಿಸಿದ ಕೂಡಲೇ ಅಬ್ಬರ. ಪಾಟ್‌ನ ಆ ಆರಂಭದ ಭಾಗದಲ್ಲೇ ಎಡ–ಬಲ ಸಮ ಇರಲ್ಲ. ಕೆಂಪು–ಬಿಳಿ ಆರ್‌ಸಿಎ ಪಿನ್ನಿನ ತುದಿಗೆ ಹಾಕೋ, ಸಿಗ್ನಲ್ ತಗ್ಗಿಸೋ 10 ಡಿಬಿ ಅಟೆನ್ಯುಯೇಟರ್ ಜೋಡಿ ಸಿಗುತ್ತೆ, ಹಾಕಿ. ಬೇಸ್ ಏರಿಸೋ ಲೌಡ್‌ನೆಸ್ ಬಟನ್ ಆಫ್ ಇರಲಿ, ನಿಮ್ಮ ಗುಂಯ್‌ನಲ್ಲಿ ಅದರ ಪಾಲೂ ಇರಬಹುದು.

ವಿಜಯನಗರ_ಹಾಲ್:
ಧನ್ಯವಾದ. ಬಲಗಡೆ ವೈರ್ ಉಲ್ಟಾನೇ ಇತ್ತು, ಸರಿ ಮಾಡಿದ ಮೇಲೆ ದನಿ ನಡುವೆ ಬಂತು. ಲೌಡ್‌ನೆಸ್ ಕೂಡ ಆನ್ ಇತ್ತು. ಡಿಸಿ ಎಡಕ್ಕೆ 12, ಬಲಕ್ಕೆ 19 ಮಿಲಿವೋಲ್ಟ್. ರಿಲೇ ಇನ್ನೂ ಬದಲಿಸಬೇಕು. ಎರಡು ಪ್ರಶ್ನೆ: ವೈರ್ ಯಾವುದು ತರಲಿ? ಹಳೇ 8 ಓಮ್ ಸ್ಪೀಕರನ್ನು ಬಿ ಗೆ ಹಾಕಿ ಎರಡೂ ಜೋಡಿ ಒಟ್ಟಿಗೆ ಹಾಡಿಸಬಹುದಾ?

ಸೋಲ್ಡರ್‌ಕಡ್ಡಿ:
5 ಮೀಟರ್ ಒಳಗಾದರೆ 1.5 ಚದರ ಮಿಲಿಮೀಟರ್‌ನ ತಾಮ್ರದ ಎಳೆ ವೈರ್ ಸಾಕು. ಹೋಗಿ ಬರೋ ದಾರಿ ಸೇರಿ 0.13 ಓಮ್ ಆಗುತ್ತೆ ಅಷ್ಟೆ. ಅಂಗಡಿಯಲ್ಲೇ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂಗೆ ತಾಮ್ರ ಬಳಿದಿರೋದು, ಬಿಟ್ಟುಬಿಡಿ. ಸ್ಪ್ರಿಂಗ್ ಕ್ಲಿಪ್ಪಿಗೆ 1 ಸೆಂಟಿಮೀಟರ್ ಮಾತ್ರ ಸುಲಿದು ಎಳೆಗಳನ್ನು ಬಿಗಿಯಾಗಿ ಹುರಿ ಮಾಡಿ. ಒಂದೇ ಎಳೆ ಪಕ್ಕದ ಕ್ಲಿಪ್ಪಿಗೆ ತಾಗಿದರೂ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಬಹುದು.

ಎ ಮತ್ತು ಬಿ ಒಟ್ಟಿಗೆ ಬೇಡ. ಹೆಚ್ಚಿನ ರಿಸೀವರ್‌ಗಳಲ್ಲಿ ಎರಡೂ ಪ್ಯಾರಲಲ್. 6 ಮತ್ತು 8 ಸೇರಿದರೆ 3.4 ಓಮ್, ಓಮ್ ಇಳಿದಷ್ಟೂ ಆಂಪ್ ಮೇಲೆ ಹೊರೆ. ಇಂಥ ರಿಸೀವರ್‌ಗಳ ಹಿಂದೆ ಎ+ಬಿ ಗೆ ಪ್ರತಿ ಸ್ಪೀಕರ್ ಇಷ್ಟು ಓಮ್‌ಗಿಂತ ಕಡಿಮೆ ಇರಬಾರದು ಅಂತ ಅಚ್ಚು ಹಾಕಿರ್ತಾರೆ, ಸಾಮಾನ್ಯವಾಗಿ 16. ಒಂದು ಸಲಕ್ಕೆ ಒಂದೇ ಜೋಡಿ ಹಾಡಿಸಿ. ರಿಸೀವರ್ ಮೇಲೆ ಸೆಟ್‌ಟಾಪ್ ಬಾಕ್ಸ್ ಇಡಬೇಡಿ, ಗಾಳಿಗೆ ಮೇಲ್ಗಡೆ 4 ಇಂಚು ಖಾಲಿ ಬಿಡಿ.