ಮಂಗಳೂರಿನಿಂದ ಬಾಗ್ಡೋಗ್ರಾಕ್ಕೆ ಎಷ್ಟು ಹೊತ್ತು? ಹೋಗಿ ಬಂದವರು ಹೇಳಿ

ಪ್ರಶ್ನೆ, ಮೂಡುಬಿದಿರೆಯಿಂದ:
ಡಿಸೆಂಬರಿನಲ್ಲಿ ಅಪ್ಪ ಅಮ್ಮನನ್ನು ಗ್ಯಾಂಗ್ಟಾಕ್‌ಗೆ ಕರೆದುಕೊಂಡು ಹೋಗುವ ಯೋಚನೆ ಉಂಟು. ಇಬ್ಬರಿಗೂ ಎಪ್ಪತ್ತರ ಹತ್ತಿರ. ವಿಮಾನದಲ್ಲಿ ಹೋದರೆ ಪಶ್ಚಿಮ ಬಂಗಾಳದ ಸಿಲಿಗುರಿ ಹತ್ತಿರದ ಬಾಗ್ಡೋಗ್ರಾದಲ್ಲಿ ಇಳಿಯಬೇಕಂತೆ. ಮಂಗಳೂರಿನಿಂದ ಎಷ್ಟು ದೂರ, ಎಷ್ಟು ಗಂಟೆ? ಬೆಳಿಗ್ಗೆ ಹೊರಟರೆ ರಾತ್ರಿಯೊಳಗೆ ಗ್ಯಾಂಗ್ಟಾಕ್ ಮುಟ್ಟಬಹುದಾ?

ಪುತ್ತೂರಿನಿಂದ:
ನೇರ ಗೆರೆ ಎಳೆದರೆ ಸುಮಾರು 2,070 ಕಿ.ಮೀ. ಆದರೆ ನಾವು ಹೋದಾಗ ನೇರ ವಿಮಾನ ಇರಲಿಲ್ಲ, ಬೆಂಗಳೂರಿನಲ್ಲಿ ಬದಲಾಯಿಸಿದೆವು. ಮಂಗಳೂರು-ಬೆಂಗಳೂರು 300 ಕಿ.ಮೀ. ಚಿಲ್ಲರೆ, ಒಂದು ಗಂಟೆ. ಅಲ್ಲಿಂದ ಬಾಗ್ಡೋಗ್ರಾಕ್ಕೆ 1,870ರ ಹತ್ತಿರ, ಮೂರು ಗಂಟೆಗೆ ಸ್ವಲ್ಪ ಕಮ್ಮಿ. ಒಟ್ಟು ಸುತ್ತು ಬರೀ ನೂರು ಕಿ.ಮೀ. ಜಾಸ್ತಿ. ಮುಂಬೈ ಮೇಲೆ ಹೋದರೆ 2,500 ದಾಟುತ್ತದೆ, ಟಿಕೆಟ್ ತೀರಾ ಅಗ್ಗ ಸಿಕ್ಕಿದರೆ ಮಾತ್ರ ನೋಡಿ. ವಾಪಸ್ ಬರುವಾಗ ಚಳಿಗಾಲದಲ್ಲಿ ಪಶ್ಚಿಮದ ಗಾಳಿ ಎದುರಾಗುತ್ತದೆ, ಹತ್ತು ಹದಿನೈದು ನಿಮಿಷ ಜಾಸ್ತಿ ಹಿಡಿಯಬಹುದು.

ಆದರೆ ಮಾರಾಯ್ರೇ, ಹಾರುವ ನಾಲ್ಕು ಗಂಟೆ ದೊಡ್ಡ ವಿಷಯ ಅಲ್ಲ. ನಮ್ಮ ಮನೆಯಿಂದ ಬಜ್ಪೆ ವಿಮಾನ ನಿಲ್ದಾಣ, ಅಲ್ಲಿ ಕಾಯುವುದು, ಬೆಂಗಳೂರಿನಲ್ಲಿ ಮೂರು ಗಂಟೆ ಕೂರುವುದು ಎಲ್ಲ ಸೇರಿ ಬಾಗ್ಡೋಗ್ರಾದ ಹೊರಗೆ ಕಾಲಿಡುವಾಗ ಹನ್ನೊಂದು ಗಂಟೆ ಕಳೆದಿತ್ತು. ಆಮೇಲೆ ಗ್ಯಾಂಗ್ಟಾಕ್‌ಗೆ ತೀಸ್ತಾ ನದಿ ಪಕ್ಕದ ಘಾಟಿಯಲ್ಲಿ ಸುಮಾರು 125 ಕಿ.ಮೀ., ನಾಲ್ಕೈದು ಗಂಟೆ. ಇನ್ನೊಂದು, ಗಡಿಯಾರ ಒಂದೇ ಆದರೂ ಸೂರ್ಯ ನಮ್ಮದಲ್ಲ! ಡಿಸೆಂಬರಿನಲ್ಲಿ ಅಲ್ಲಿ ಐದಕ್ಕೆ ಮೊದಲೇ ಮುಳುಗುತ್ತಾನೆ. ನಾವು ನಾಲ್ಕಕ್ಕೆ ಟ್ಯಾಕ್ಸಿ ಹತ್ತಿ ಇಡೀ ಘಾಟಿ ಕತ್ತಲಲ್ಲಿ ಹತ್ತಿದೆವು. ಅತ್ತೆ ದಾರಿಯುದ್ದಕ್ಕೂ ದೇವರ ನಾಮ ಹೇಳುತ್ತಿದ್ದರು. ಹಿರಿಯರಿದ್ದರೆ ಅವತ್ತು ಸಿಲಿಗುರಿಯಲ್ಲೇ ಉಳಿಯಿರಿ. ನಿಲ್ದಾಣದಿಂದ ಹತ್ತಿರವೇ.

ಸುರತ್ಕಲ್‌ನಿಂದ:
ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಬರುವ ಹಾಗೆ ಬುಕ್ ಮಾಡಿ. ನಾನು ಸಾವಿರದೈನೂರು ರೂಪಾಯಿ ಉಳಿಸಲು ಹೋಗಿ ಬೇರೆ ಬೇರೆ ಕಂಪನಿಯಲ್ಲಿ ಮಾಡಿದೆ. ಮೊದಲನೆಯದು ತಡವಾಯಿತು. ಬೆಂಗಳೂರಿನಲ್ಲಿ ಲಗೇಜ್ ತೆಗೆದುಕೊಂಡು, ಬಸ್ಸಿನಲ್ಲಿ ಇನ್ನೊಂದು ಟರ್ಮಿನಲ್‌ಗೆ ಓಡಿದರೆ ಕೌಂಟರ್ ಮುಚ್ಚಿತ್ತು. ಹಣ ವಾಪಸ್ ಇಲ್ಲ, ಹೊಸ ಟಿಕೆಟ್. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನ ಹುಡುಕುವುದು ಅವರ ತಲೆನೋವು.

ಸಿಲಿಗುರಿಯಲ್ಲಿ ಮೂರು ವರ್ಷ ಕೆಲಸ ಮಾಡಿದವರು:
ಡಿಸೆಂಬರ್ ಕೊನೆ, ಜನವರಿಯಲ್ಲಿ ಬೆಳಗಿನ ಮಂಜು ಜೋರು. ಮಧ್ಯಾಹ್ನ ಇಳಿಯುವ ವಿಮಾನ ಹಿಡಿಯಿರಿ. ಬಾಗ್ಡೋಗ್ರಾ ವಾಯುಪಡೆಯ ನೆಲೆ, ಇಳಿದ ಕೂಡಲೇ ಸುಮ್ನೆ ಫೋಟೋ ತೆಗೆಯಲು ಹೋಗಬೇಡಿ. ಟಿಕೆಟ್‌ನಲ್ಲಿ ಆ ನಿಲ್ದಾಣದ ಕೋಡ್ ಐಎಕ್ಸ್‌ಬಿ ಅಂತ ಇರುತ್ತದೆ. ನನ್ನ ತಮ್ಮ ಅದನ್ನು ಬೆಳಗಾವಿ ಅಂದುಕೊಂಡಿದ್ದ. ಬೆಳಗಾವಿ ಐಎಕ್ಸ್‌ಜಿ! ಹೋಗುವಾಗ ಎಡಬದಿ ಕಿಟಕಿ ಕೇಳಿ. ಆಕಾಶ ತಿಳಿಯಾಗಿದ್ದರೆ ಇಳಿಯುವ ಮೊದಲು ಕಾಂಚನಜುಂಗಾ ಕಾಣುತ್ತದೆ.

ಬೆಂಗಳೂರಿನಿಂದ:
ರೈಲಿನ ಯೋಚನೆ ಇದ್ದರೆ ಬಿಡಿ. ಇಲ್ಲಿಂದಲೇ ಸಿಲಿಗುರಿಯ ರೈಲು ನಿಲ್ದಾಣ ನ್ಯೂ ಜಲ್‌ಪಾಯ್‌ಗುರಿಗೆ ಸುಮಾರು ಎರಡು ದಿನ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಒಂದೇ ಟಿಕೆಟ್, ಬೆಂಗಳೂರಿನಲ್ಲಿ ಮೂರು ಗಂಟೆ, ಒಂದು ರಾತ್ರಿ ಸಿಲಿಗುರಿ ಅಂತ ತೀರ್ಮಾನ ಮಾಡಿದೆವು. ಎಡಗಡೆ ಕಿಟಕಿ ಯಾರಿಗೆ ಅಂತ ಅಪ್ಪ ಅಮ್ಮನಿಗೆ ಈಗಲೇ ಜಗಳ ಶುರುವಾಗಿದೆ.