ಬೆವರಿದ್ರೆ ಸರ್ಪಸುತ್ತು ಇಳಿಯುತ್ತಾ?

(ಆಗಸ್ಟ್ 2ರ ರಾತ್ರಿ ನಮ್ಮ ‘ಮಡಿಕೇರಿ 94’ ಗುಂಪಿನಲ್ಲಿ ನಡೆದದ್ದು. ನಡುವೆ ಬಂದ ಹೂವುಗಳು, ಕೈಮುಗಿದ ಚಿತ್ರಗಳು, ಒಂದು ಸೈಟ್ ಮಾರಾಟದ ಜಾಹೀರಾತು ತೆಗೆದಿದ್ದೇನೆ. ಮಿಕ್ಕಿದ್ದು ಹಾಗೇ ಇದೆ. – ಲೀಲಾ)

ಗಿರೀಶ: [ಹಲವು ಬಾರಿ ಫಾರ್ವರ್ಡ್ ಆಗಿದೆ] ಸರ್ಪಸುತ್ತು ಬಂದರೆ ಮಲಗಬೇಡಿ!! ದಿನಾ ಓಡಿ, ಬೆವರಿನ ಜೊತೆ ವಿಷ ಹೊರಗೆ ಹೋಗುತ್ತದೆ. ವ್ಯಾಯಾಮದಿಂದ ಸರ್ಪಸುತ್ತಿನ ವಿರುದ್ಧ ಶಕ್ತಿ ಹೆಚ್ಚುತ್ತದೆ ಎಂದು ಅಮೆರಿಕದ ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ. ಹತ್ತು ಜನಕ್ಕೆ ಕಳಿಸಿ.

ಗಿರೀಶ: ಬೋಪಣ್ಣ, ನಿಂಗೋಸ್ಕರವೇ ಹಾಕಿದ್ದು 💪

ಬೋಪಣ್ಣ: ಥ್ಯಾಂಕ್ಸ್ ಮಾರಾಯ. ಮನೆಯವಳಿಗೆ ತೋರಿಸಿದೆ, ಫೋನ್ ಕಿತ್ಕೊಂಡ್ಳು. ಈಗಷ್ಟೇ ವಾಪಸ್ ಸಿಕ್ತು.

ರಫೀಕ್: ಸರ್ಪಸುತ್ತಾ? ನಿಂಗಾ? ಯಾವಾಗಿಂದ?

ಬೋಪಣ್ಣ: ಕಳೆದ ಭಾನುವಾರ ಗಾಳಿಬೀಡು ಕಡೆ 26 ಕಿ.ಮೀ. ಓಡಿದ್ದೆ. ಸೋಮವಾರ ಎಡಪಕ್ಕೆಯಲ್ಲಿ ಉರಿ. ನೀರಿನ ಬ್ಯಾಗಿನ ಪಟ್ಟಿ ಉಜ್ಜಿರ್ಬೇಕು ಅಂದ್ಕೊಂಡೆ. ಬುಧವಾರ ಕೆಂಪು ಚುಕ್ಕೆ ಎದ್ವು. ಜಿಗಣೆ ಅಂತ ಸುಣ್ಣ ಹಚ್ಚಿದೆ. ಗುರುವಾರ ಬೆಳಿಗ್ಗೆ ನೋಡಿದ್ರೆ ಬೆನ್ನಿಂದ ಎದೆವರೆಗೆ ಬೆಲ್ಟ್ ಕಟ್ಟಿದ ಹಾಗೆ ನೀರುಗುಳ್ಳೆ.

ಲೀಲಾ: ಅಯ್ಯೋ, ಎರಡು ತುದಿ ಕೂಡಬಾರ್ದು ಅಂತಿದ್ರು ನಮ್ಮಜ್ಜಿ. ತಲೆ ಬಾಲ ಸೇರಿದ್ರೆ ಮುಗೀತಂತೆ. ಕೆಮ್ಮಣ್ಣು ಹಚ್ಚಿಸಿದ್ಯಾ?

ಸವಿತಾ: ಕೂಡಲ್ಲ ಲೀಲಾ. ಅದು ಒಂದು ನರ ಹೋಗೋ ದಾರಿ. ಬೆನ್ನುಹುರಿಯಿಂದ ಹೊರಟು ಎದೆ ನಡುವಿಗೆ ಬಂದು ಮುಗಿಯುತ್ತೆ. ಆಚೆ ಪಕ್ಕೆ ಬೇರೆ ನರದ್ದು. ಬೋಪಣ್ಣ, ಏಳನೇ ಕ್ಲಾಸಲ್ಲಿ ನಿಂಗೆ ಸೀತಾಳೆ ಸಿಡುಬು ಬಂದಿತ್ತಲ್ಲ, ಅದೇ ವೈರಸ್ ಇದು. ಆಗ ಗುಳ್ಳೆ ಒಣಗಿತು, ವೈರಸ್ ಮಾತ್ರ ನರದ ಬುಡದಲ್ಲಿ ಮಲಗಿತ್ತು. ಈಗ ಎದ್ದಿದೆ.

ಪೂಣಚ್ಚ (ಅಡ್ಮಿನ್): ಸಿಡುಬು ಬಂದಿದ್ದು ಗಣಿತದ ಪರೀಕ್ಷೆ ದಿನವೇ.

ಬೋಪಣ್ಣ: ನಿಜವಾಗ್ಲೂ ಬಂದಿತ್ತು ಕಣೋ!

ಸವಿತಾ: ಮಾತ್ರೆ ಶುರು ಮಾಡಿದ್ಯಾ?

ಬೋಪಣ್ಣ: ಗುರುವಾರವೇ. ವಾಲಾಸೈಕ್ಲೊವಿರ್ 1 ಗ್ರಾಂ, ದಿನಕ್ಕೆ ಮೂರು ಹೊತ್ತು, 7 ದಿನ.

ಸವಿತಾ: ಬಚಾವಾದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದ್ರೆನೇ ಅದು ಚೆನ್ನಾಗಿ ಕೆಲಸ ಮಾಡೋದು. ಕೆಮ್ಮಣ್ಣು ಹಚ್ಚಿಸ್ತಾ ನಾಲ್ಕು ದಿನ ಕಳೆದು ಬರೋರನ್ನ ನೋಡಿ ಸಾಕಾಗಿದೆ.

ಲೀಲಾ: ನಂಗೇ ಹೇಳಿದ್ದು ಅಂತ ಗೊತ್ತಾಯ್ತು 🙄

ಗಿರೀಶ: ಮಾತ್ರೆ ನುಂಗಿ ಆಯ್ತು. ಜ್ವರ ಇಲ್ಲ. ಮತ್ತೆಂತ? ತೊಂದರೆ ಕುತ್ತಿಗೆಯಿಂದ ಮೇಲಿದ್ರೆ ಓಡು, ಕೆಳಗಿದ್ರೆ ಬಿಡು ಅಂತ ಎಲ್ಲ ಕೋಚ್‌ಗಳೂ ಹೇಳ್ತಾರೆ. ಇವನದ್ದು ಬರೀ ಚರ್ಮ.

ಸವಿತಾ: ಅದು ನೆಗಡಿಗೆ ಮಾಡ್ಕೊಂಡ ಲೆಕ್ಕ ಗಿರೀಶ. ಇದಕ್ಕೆ ಹೊಂದಲ್ಲ. ಇದೇ ಹಣೆ ಮೇಲೋ ಮೂಗಿನ ತುದಿಯಲ್ಲೋ ಎದ್ದಿದ್ರೆ ಅದೂ ‘ಕುತ್ತಿಗೆಯಿಂದ ಮೇಲೆ’. ಆಗ ಓಡಬೇಕಾದ್ದು ಕಣ್ಣಿನ ಡಾಕ್ಟರ ಹತ್ರ. ಮತ್ತೆ ಇದು ಬರೀ ಚರ್ಮವಲ್ಲ. ಚರ್ಮದಲ್ಲಿ ಕಾಣೋದು ಮಾತ್ರ, ಕಾಯಿಲೆ ನರದ್ದು.

ಗಿರೀಶ: ಅಮೆರಿಕದವರು ಸುಳ್ಳು ಹೇಳ್ತಾರಾ ಹಾಗಾದ್ರೆ?

ಸವಿತಾ: ಅಮೆರಿಕದ ಒಂದು ಅಧ್ಯಯನ ನಿಜವಾಗ್ಲೂ ಇದೆ, 2007ರದ್ದು. 59ರಿಂದ 86 ವರ್ಷದ 112 ಜನ. ಅರ್ಧ ಜನಕ್ಕೆ 16 ವಾರ ತೈಚಿ ಹೇಳಿಕೊಟ್ರು, ಉಳಿದವರಿಗೆ ಆರೋಗ್ಯದ ಪಾಠ. ಆಮೇಲೆ ಎಲ್ಲರಿಗೂ ಸೀತಾಳೆ ಸಿಡುಬಿನ ಲಸಿಕೆ. ತೈಚಿ ಮಾಡಿದವರಲ್ಲಿ ಆ ವೈರಸ್ ವಿರುದ್ಧದ ಶಕ್ತಿ ಹೆಚ್ಚು ಕಂಡಿತು. ಅವರು ಆರೋಗ್ಯವಾಗಿದ್ದ ಅಜ್ಜ ಅಜ್ಜಿಯರು, ಮೈತುಂಬ ಗುಳ್ಳೆ ಇಟ್ಕೊಂಡು ಗಾಳಿಬೀಡು ಹತ್ತಿದವರಲ್ಲ. ತೈಚಿ ಅಂದ್ರೆ ನಿಧಾನಕ್ಕೆ ಕೈ ಬೀಸೋದು ಕಣೋ.

ಪೂಣಚ್ಚ (ಅಡ್ಮಿನ್): ಗಿರೀಶ ದಿನಾ ಕ್ಲಬ್ಬಲ್ಲಿ ಮಾಡೋದು ಅದೇ, ಗ್ಲಾಸ್ ಸಮೇತ.

ಗಿರೀಶ: ನಗ್ರಪ್ಪ. ನಾವು ಕೊಡಗಿನವರು, ಹಾಕಿಯಲ್ಲಿ ಹಲ್ಲು ಉದುರಿದ್ರೂ ಆಡಿ ಮುಗಿಸಿದವರು. ಬೋಪಣ್ಣ ನವೆಂಬರಲ್ಲಿ 50 ಕಿ.ಮೀ. ಓಡ್ಬೇಕು. ಈಗ ಮಲಗಿದ್ರೆ ಆರು ತಿಂಗಳ ಬೆವರು ನೀರಲ್ಲಿ ಹೋಮ.

ಬೋಪಣ್ಣ: ನಂದೂ ಅದೇ ಚಿಂತೆ. ನಾಳೆ 20 ಆದ್ರೂ ಮಾಡೋಣ ಅಂತಿದ್ದೆ. ನೋವಿಗೆ ಐಬುಪ್ರೊಫೆನ್ ಹಾಕಿದ್ರೆ ಆಗುತ್ತೆ.

ಸವಿತಾ: ಬೇಡ!! ಈ ಮಾತ್ರೆ ಮೂತ್ರಪಿಂಡದ ಮೂಲಕ ಹೊರಗೆ ಹೋಗೋದು, ಚೆನ್ನಾಗಿ ನೀರು ಕುಡೀಬೇಕು. ಮೇಲಿಂದ ಐಬುಪ್ರೊಫೆನ್, ಅದರ ಮೇಲೆ ಎರಡೂವರೆ ಗಂಟೆ ಓಡಿ ಮೈ ಒಣಗಿಸೋದು. ಮೂರೂ ಸೇರಿ ಒಂದೇ ಜಾಗಕ್ಕೆ ಹೊಡೆಯುತ್ತೆ.

ರಫೀಕ್: ನಾನೊಂದು ಹೇಳ್ಲಾ? ಎರಡು ವರ್ಷದ ಹಿಂದೆ ನಂಗೂ ಬಂದಿತ್ತು, ಬಲಸೊಂಟಕ್ಕೆ. ಇಲ್ಲಿ ಹೇಳಿರ್ಲಿಲ್ಲ, ನೀವೆಲ್ಲ ನಾಗದೋಷ ಅಂತ ಶುರು ಮಾಡ್ತೀರಿ ಅಂತ. ಹನ್ನೆರಡನೇ ದಿನ ಹೊಪ್ಪಳೆ ಉದುರಿತು. ಅವತ್ತೇ ಸೈಕಲ್ ತಗೊಂಡು ಸಂಪಾಜೆಗೆ ಇಳಿದೆ. ಇಳಿಯೋವಾಗ ರಾಜ. ಹತ್ತೋವಾಗ ಮದೆನಾಡು ಹತ್ರ ಕಾಲಲ್ಲಿ ಏನೂ ಇಲ್ಲ. ಕಾಫಿ ಲೋಡಿನ ಪಿಕಪ್‌ನವನು ಸೈಕಲ್ ಸಮೇತ ಮನೆಗೆ ಬಿಟ್ಟ. ಮೂರು ದಿನ ನಿದ್ದೆ.

ರಫೀಕ್: ಗುಳ್ಳೆ ಹೋದ್ಮೇಲೂ ಐದು ತಿಂಗಳು ನೋವು. ಸೈಕಲ್ ಹತ್ತಿದ್ದರಿಂದಲೇ ಅನ್ನಲ್ಲ, ಹತ್ತದಿದ್ರೂ ಬರ್ತಿತ್ತೋ ಏನೋ. ಆದ್ರೆ ಎಂಥ ನೋವು ಗೊತ್ತಾ? ಬನಿಯನ್ ತಾಗಿದ್ರೆ ಸಾಕು, ತುರಿಚೆ ಸೊಪ್ಪಿನಲ್ಲಿ ಉಜ್ಜಿದ ಹಾಗೆ. ಅದೇ ಜಾಗಕ್ಕೆ ಗಟ್ಟಿಯಾಗಿ ಗುದ್ದಿದ್ರೆ ಏನೂ ಆಗ್ತಿರ್ಲಿಲ್ಲ! ಪ್ರೆಗಾಬಾಲಿನ್ ಕೊಟ್ರು. ನೋವು ಇಳಿಯಿತು, ತಲೆ ಸುತ್ತೋದಕ್ಕೆ ಶುರುವಾಯ್ತು. ಸೈಕಲ್ ಹಾಗಿರ್ಲಿ, ಸ್ಕೂಟರೂ ಮುಟ್ಟಲಿಲ್ಲ.

(ಇದಾದ ಮೇಲೆ ಐದಾರು ನಿಮಿಷ ಯಾರೂ ಮಾತಾಡಲಿಲ್ಲ. ಗಿರೀಶ ಒಂದು ಮೆಸೇಜ್ ಹಾಕಿ ಡಿಲೀಟ್ ಮಾಡಿದ. ನಾನು ಓದಿಬಿಟ್ಟಿದ್ದೆ: ‘ಸೈಕಲ್‌ನವರಿಗೆ ತಾಕತ್ತು ಕಮ್ಮಿ.’)

ಬೋಪಣ್ಣ: ಬೆಳಿಗ್ಗೆ ಎದ್ದಾಗ ನಾಡಿ ಯಾವಾಗ್ಲೂ 48 ಇರ್ತಿತ್ತು. ಇವತ್ತು ವಾಚಲ್ಲಿ 61.

ಸವಿತಾ: ನೋಡು, ನಿನ್ನ ಮೈಯೇ ಹೇಳ್ತಿದೆ. ಒಳಗೆ ಅದು ಈಗಾಗ್ಲೇ ಓಡ್ತಿದೆ.

ಬೋಪಣ್ಣ: ಹಾಗಾದ್ರೆ ಎಷ್ಟು ದಿನ?

ಸವಿತಾ: ದಿನ ಎಣಿಸಬೇಡ. ಹೊಪ್ಪಳೆ ಉದುರಿದ್ದನ್ನೂ ನಂಬಬೇಡ, ರಫೀಕ್ ಮೋಸ ಹೋಗಿದ್ದು ಅಲ್ಲೇ. ನಾಡಿ 48ರ ಹತ್ರ ಬರ್ಲಿ, ರಾತ್ರಿ ನೋವಿಗೆ ಎಚ್ಚರ ಆಗದೆ ಮಲಗು. ಅಲ್ಲಿವರೆಗೆ ಸಡಿಲ ಹತ್ತಿ ಅಂಗಿ ಹಾಕಿ ನಡಿ. ಆಮೇಲೆ ಮಾತಾಡ್ತಾ ಓಡೋ ವೇಗದಲ್ಲಿ ಅರ್ಧ ಗಂಟೆ. ಮರುದಿನ ಬೆಳಿಗ್ಗೆ ನೋವೋ ನಾಡಿಯೋ ಏರಿದ್ರೆ ಮತ್ತೆ ನಡಿಗೆಗೇ. ಎರಡು ಮೂರು ವಾರದಲ್ಲಿ ನಿನ್ನ ಆರು ತಿಂಗಳು ಎಲ್ಲೂ ಓಡಿಹೋಗಲ್ಲ.

ಲೀಲಾ: ನಾಳೆ ಕಕ್ಕಡ 18, ಮದ್ದು ಸೊಪ್ಪು ತಿನ್ನೋ ದಿನ. ಐನ್‌ಮನೆಗೆ (ಕುಟುಂಬದ ಹಳೇ ಮನೆಗೆ) ಹೋಗ್ತಿದ್ದಾನೆ ಬೋಪಣ್ಣ. ತಮ್ಮನ ಹೆಂಡತಿ ಬಸುರಿ ಅಲ್ವಾ?

ಸವಿತಾ: ಒಳ್ಳೇದಾಯ್ತು ನೆನಪಿಸಿದ್ದು. ಅವಳಿಗೆ ಸೀತಾಳೆ ಸಿಡುಬು ಬಂದಿತ್ತಾ, ಲಸಿಕೆ ಆಗಿದೆಯಾ ಕೇಳು. ಎರಡೂ ಇಲ್ಲಾಂದ್ರೆ ಗುಳ್ಳೆ ಎಲ್ಲ ಒಣಗಿ ಹೊಪ್ಪಳೆ ಕಟ್ಟೋವರೆಗೆ ಅವಳ ಹತ್ರ ಹೋಗ್ಬೇಡ. ಗುಳ್ಳೆಯ ನೀರು ತಾಗಿದ್ರೆ ಅವಳಿಗೆ ಸಿಡುಬೇ ಬರೋದು, ಸರ್ಪಸುತ್ತಲ್ಲ. ಬಸುರಿಗೆ ಅದು ಚಿಕ್ಕ ವಿಷಯ ಅಲ್ಲ.

ಬೋಪಣ್ಣ: ಫೋನ್ ಮಾಡಿ ಕೇಳಿದೆ. ಬಂದೇ ಇಲ್ಲವಂತೆ, ಲಸಿಕೆಯೂ ಗೊತ್ತಿಲ್ಲವಂತೆ. ಹೋಗಲ್ಲ ಬಿಡಿ. ಮನೆಯಲ್ಲೇ ಮದ್ದು ಸೊಪ್ಪಿನ ಪಾಯಸ.

ಪೂಣಚ್ಚ (ಅಡ್ಮಿನ್): ಅದರಲ್ಲೇ 18 ಬಗೆ ಮದ್ದು ಇದೆಯಲ್ಲ. ಸರ್ಪಸುತ್ತಿನದ್ದು 19ನೇದು ಇರ್ಬೇಕು.

ಸವಿತಾ: ಕುಡಿ, ಮಾತ್ರೆ ಮಾತ್ರ ತಪ್ಪಿಸಬೇಡ. ಮೂತ್ರದ ಬಣ್ಣ ನೋಡಿ ನೀರು ಸಾಕಾ ಅಂತ ಲೆಕ್ಕ ಹಾಕೋರು ನೀವು ಓಟಗಾರರು. ಮದ್ದು ಸೊಪ್ಪು ತಿಂದ್ರೆ ಮೂತ್ರ ಕೆಂಪಾಗುತ್ತೆ, ನಾಳೆ ಒಂದಿನ ಆ ಲೆಕ್ಕ ನಡೆಯಲ್ಲ. ಕೆಂಪಾಯ್ತು ಅಂತ ರಾತ್ರಿ ಫೋನ್ ಮಾಡ್ಬೇಡ.

ಗಿರೀಶ: ಸರಿ, ನಾಳೆ ನಾನೊಬ್ಬನೇ ಓಡ್ತೀನಿ.

ರಫೀಕ್: ಯಾವತ್ತಿಂದ?

(ಮರುದಿನ ಸಂಜೆ 4.10)

ಬೋಪಣ್ಣ: ಕೊಡೆ ಹಿಡ್ಕೊಂಡು ಗೇಟಿನವರೆಗೆ ಹೋಗಿ ಬಂದೆ. 1.2 ಕಿ.ಮೀ. ನಾಡಿ 59. ಸವಿತಾ, ಕೆಂಪಾಯ್ತು.

ಪೂಣಚ್ಚ (ಅಡ್ಮಿನ್): ಫೋಟೋ ಹಾಕಿದ್ರೆ ಗುಂಪಿಂದ ತೆಗೀತೀನಿ.