ಒಂದೇ ಚನ್ನಪಟ್ಟಣದ ಗೊಂಬೆ, ಮೂರು ಬಗೆಯ ನೋಡುಗರು: ಫೋಟೋ ಹೇಗೆ ತೆಗೆಯುವುದು?

ಬೆಳಕಿಂಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಿಷುಯಲ್ ಕಮ್ಯುನಿಕೇಶನ್ ಕೋರ್ಸಿನ ಪ್ರಾಜೆಕ್ಟಿಗೆ ಚನ್ನಪಟ್ಟಣದ ಅರಗಿನ ಗೊಂಬೆಗಳನ್ನು ಆರಿಸಿಕೊಂಡಿದ್ದೇನೆ. ದಿನಪತ್ರಿಕೆಯ ವರದಿಗೆ, ಆನ್‌ಲೈನ್ ಮಾರಾಟಕ್ಕೆ, ಹೊಸದಾಗಿ ಕೆಲಸ ಕಲಿಯುವವರ ಕೈಪಿಡಿಗೆ ತಲಾ ನಾಲ್ಕು ಚಿತ್ರ ಕೊಡಬೇಕು. ಎಪಿಎಸ್-ಸಿ (ಸಣ್ಣ ಸೆನ್ಸರ್‌ನ) ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಎಂಎಂ ಕಿಟ್ ಲೆನ್ಸ್, 50 ಎಂಎಂ ಎಫ್/1.8 ಇವೆ. ಒಮ್ಮೆ ತೆಗೆದು ಕ್ರಾಪ್ ಬದಲಿಸಿದರೆ ಸಾಕೇ? ಗೊಂಬೆಯ ಹೊಳಪಿನಲ್ಲಿ ಕಿಟಕಿ, ಟ್ಯೂಬ್‌ಲೈಟ್ ಎಲ್ಲ ಕಾಣುತ್ತವೆ, ಅದಕ್ಕೂ ದಾರಿ ತಿಳಿಸಿ.

ಓರೆಬಿಸಿಲು

ಕ್ರಾಪ್‌ನಿಂದ ಆಗುವ ಕೆಲಸವಲ್ಲ. ಚಿತ್ರ ನೋಡಿದವರು ಆಮೇಲೆ ಏನು ಮಾಡಬೇಕು ಅನ್ನುವುದನ್ನು ಮೊದಲು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಪತ್ರಿಕೆಯ ಓದುಗ ಪುಟ ಮಗುಚದೆ ನಿಲ್ಲಬೇಕು. ಕೊಳ್ಳುವವರಿಗೆ ಬಣ್ಣ, ಅಳತೆಯ ಮೇಲೆ ನಂಬಿಕೆ ಬರಬೇಕು. ಕಲಿಯುವವರು ಚಿತ್ರದಲ್ಲಿದ್ದ ಹಾಗೆಯೇ ಉಳಿ ಹಿಡಿಯಬೇಕು. ನೀವು ಎಲ್ಲಿ ನಿಲ್ಲಬೇಕು, ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಬೆಳಕು ಯಾವ ಕಡೆಯಿಂದ ಅನ್ನುವುದೆಲ್ಲ ಆ ಸಾಲಿನಿಂದಲೇ ಹೊರಡುತ್ತದೆ.

ಹೆಚ್ಚಿನವರು ಎಡವುವುದು ಕೈಪಿಡಿಯಲ್ಲಿ. ಲೇತ್‌ನ (ಮರ ತಿರುಗಿಸುವ ಯಂತ್ರದ) ಎದುರು ನಿಂತು ತೆಗೆದರೆ ಎಡಗೈ ಬಲಕ್ಕೆ, ಬಲಗೈ ಎಡಕ್ಕೆ ಕಾಣುತ್ತದೆ, ಕಲಿಯುವವರು ಮನಸ್ಸಿನಲ್ಲೇ ತಿರುಗಿಸಿ ನೋಡಬೇಕಾಗುತ್ತದೆ. ಕೆಲಸಗಾರರ ಹಿಂದೆ ನಿಂತು, ಭುಜದ ಮೇಲಿನಿಂದ, ಅವರ ಕಣ್ಣಿನ ಮಟ್ಟದಲ್ಲಿ ತೆಗೆಯಿರಿ. ಲೆನ್ಸಿನ ಕಿಂಡಿ ಕಿರಿದಾಗಿಸಿ ಎಫ್/8 ಇಡಿ. ಎಫ್/1.8ರಲ್ಲಿ ಹಿನ್ನೆಲೆ ಚೆಂದವಾಗಿ ಮಸುಕಾಗುತ್ತದೆ ನಿಜ, ಆದರೆ ಅದರ ಜೊತೆಗೆ ಉಳಿಯ ತುದಿಯೂ ಮಸುಕಾಗುತ್ತದೆ. ಕಲಿಯುವವರಿಗೆ ಬೇಕಾದದ್ದೇ ಆ ತುದಿ. ಆಲೆ ಮರದ ತುಂಡನ್ನು ಲೇತ್‌ಗೆ ಕೂರಿಸುವುದು, ಉಳಿಯಿಂದ ಆಕಾರ ಕೊಡುವುದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಘರ್ಷಣೆಯ ಬಿಸಿಗೆ ಬಣ್ಣ ಹತ್ತಿಸುವುದು, ಒಣಗಿದ ತಾಳೆಗರಿ ಒತ್ತಿ ಹೊಳಪು ಕೊಡುವುದು: ನಾಲ್ಕು ಹಂತಕ್ಕೆ ನಾಲ್ಕು ಚಿತ್ರ, ನಾಲ್ಕೂ ಒಂದೇ ಕೋನದಿಂದ. ಕೋನ ಬದಲಾದರೆ ನೋಡುವವರು ಹಂತ ಬಿಟ್ಟು ಜಾಗ ಹುಡುಕುತ್ತಾರೆ.

ಇನ್ನೊಂದು ಮಾತು. ಕೈಪಿಡಿಗಳು ಕೊನೆಗೆ ಜೆರಾಕ್ಸ್ ಆಗಿಯೇ ಕೈಗೆ ಸಿಗುವುದು ಹೆಚ್ಚು. ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿ. ಕೆಂಪು, ಹಸಿರು ಅರಗು ಪಕ್ಕಪಕ್ಕದಲ್ಲಿದ್ದರೆ ಎರಡೂ ಒಂದೇ ಬೂದು ಆಗಿಬಿಡಬಹುದು. ಕೆಂಪಿನ ಪಕ್ಕ ಹಳದಿ ಇರುವ ಗೊಂಬೆ ಆರಿಸಿ.

ಮಸೂರ

ಮಾರಾಟದ ಚಿತ್ರದ ಬಗ್ಗೆ ಹೇಳುತ್ತೇನೆ. ಅಮೆಜಾನ್‌ನಂಥ ಕಡೆ ಮುಖ್ಯ ಚಿತ್ರಕ್ಕೆ ಅಚ್ಚ ಬಿಳಿ ಹಿನ್ನೆಲೆ (ಆರ್‌ಜಿಬಿ 255, 255, 255, ಅಂದರೆ ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ) ಬೇಕು, ವಸ್ತು ಚೌಕಟ್ಟಿನ 85%ರಷ್ಟು ತುಂಬಬೇಕು. ಕಿಟ್ ಲೆನ್ಸನ್ನು 18 ಎಂಎಂಗೆ (ಅತಿ ಅಗಲದ ನೋಟಕ್ಕೆ) ಇಟ್ಟು ಹತ್ತಿರ ಹೋದರೆ ಗೊಂಬೆಯ ತಲೆ ಊದಿಕೊಳ್ಳುತ್ತದೆ. 50 ಎಂಎಂ ಹಾಕಿ ಸುಮಾರು ಒಂದು ಮೀಟರ್ ದೂರದಿಂದ ತೆಗೆಯಿರಿ. ಬಿಳಿ ಹಿನ್ನೆಲೆ ಕಂಡ ಕ್ಯಾಮೆರಾದ ಬೆಳಕಿನ ಮೀಟರ್ ಎಕ್ಸ್‌ಪೋಶರ್ (ಒಳಬರುವ ಬೆಳಕು) ಇಳಿಸಿ ಅದನ್ನು ಬೂದು ಮಾಡುತ್ತದೆ, +1ರ ಆಸುಪಾಸು ಎಕ್ಸ್‌ಪೋಶರ್ ಕಾಂಪನ್ಸೇಶನ್ ಕೊಟ್ಟು ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ನೋಡಿ. ಬಣ್ಣ ನಿಜವಾಗಿ ಬರಲು ಗ್ರೇ ಕಾರ್ಡ್ (ಬೂದು ಬಣ್ಣದ ರಟ್ಟು) ಇಟ್ಟು ವೈಟ್ ಬ್ಯಾಲೆನ್ಸ್ ಹೊಂದಿಸಿ, ವೆಬ್‌ಗೆ ಬಳಸುವ ಬಣ್ಣದ ಮಾನದಂಡವಾದ ಎಸ್‌ಆರ್‌ಜಿಬಿಯಲ್ಲಿ ಎಕ್ಸ್‌ಪೋರ್ಟ್ ಮಾಡಿ.

ಹೊಳಪನ್ನು ಪೂರ್ತಿ ಅಳಿಸಬೇಡಿ. ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಪೂರ್ತಿ ತಿರುಗಿಸಿದರೆ ಅರಗು ಸತ್ತ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಸುತ್ತಲೂ ಬಿಳಿ ಟೆಂಟ್ ಕಟ್ಟಿದರೆ ಬಿಳಿ ಪೊರೆ ಬಂದು ಬಣ್ಣ ತೆಳುವಾಗುತ್ತದೆ. ಕೋಣೆಯ ಲೈಟೆಲ್ಲ ಆರಿಸಿ. ಒಂದೇ ದೀಪ ಇರಲಿ, ಅದರ ಮುಂದೆ ಗೊಂಬೆಗಿಂತ ಎತ್ತರದ ಟ್ರೇಸಿಂಗ್ ಪೇಪರ್ ಹಾಳೆ ನಿಲ್ಲಿಸಿ. ಹಾಳೆ ಗೊಂಬೆಯಿಂದ ಒಂದಡಿ ದೂರದಲ್ಲಿರಲಿ. ದುಂಡು ಮೈಮೇಲೆ ಉದ್ದದ ಒಂದೇ ಬೆಳಕಿನ ಪಟ್ಟಿ ಬೀಳುತ್ತದೆ. ದುಂಡಗಿದೆ, ನುಣುಪಾಗಿದೆ ಎಂದು ಕೊಳ್ಳುವವರಿಗೆ ಹೇಳುವುದು ಅದೇ ಪಟ್ಟಿ. ಹಳದಿ ಗೊಂಬೆಯ ಅಂಚು ಬಿಳಿಯಲ್ಲಿ ಕರಗಿದರೆ ಎರಡೂ ಬದಿಗೆ, ಚೌಕಟ್ಟಿನ ಆಚೆ, ಕಪ್ಪು ರಟ್ಟು ನಿಲ್ಲಿಸಿ. ಉಳಿದ ಮೂರರಲ್ಲಿ ಒಂದು ಅಳತೆ ತಿಳಿಸುವ ಚಿತ್ರ, ಅಂಗೈ ಮೇಲಿಟ್ಟು.

ಸುದ್ದಿಕಣ್ಣು

ಪತ್ರಿಕೆಗೆ ಮುಖ, ಕೈ, ಕೆಲಸ ಮೂರೂ ಒಂದೇ ಚೌಕಟ್ಟಿನಲ್ಲಿ ಬೇಕು. ಶಟರ್ ವೇಗ 1/500 ಸೆಕೆಂಡ್ ಇದ್ದರೆ ತಿರುಗುವ ಮರ ನಿಂತ ಹಾಗೆ ಕಾಣಬಹುದು, ಕೆಲಸ ನಡೆಯುತ್ತಿದೆ ಎಂದೇ ಅನಿಸುವುದಿಲ್ಲ. 1/25 ಅಥವಾ 1/50 ಇಡಿ: ಮರ ತಿರುಗಿದಂತೆ ಕಾಣುತ್ತದೆ, ಊರಿ ಹಿಡಿದ ಕೈ ಸ್ಪಷ್ಟವಾಗಿ ಉಳಿಯುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿಗೆ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಈ ವೇಗಗಳಲ್ಲಿ ಪೂರ್ತಿ ಮಿನುಗುಗಳೇ (ನಾಲ್ಕು ಅಥವಾ ಎರಡು) ಸೇರುವುದರಿಂದ ಚಿತ್ರದಲ್ಲಿ ಅಡ್ಡಪಟ್ಟಿ ಮೂಡುವ ಕಾಟವೂ ಇಲ್ಲ. ನ್ಯೂಸ್‌ಪ್ರಿಂಟ್‌ನಲ್ಲಿ ಇಂಕು ಹರಡಿ ನೆರಳು ಮುಚ್ಚಿಕೊಳ್ಳುತ್ತದೆ, ಆದ್ದರಿಂದ ಕಪ್ಪು ಭಾಗವನ್ನು ಸ್ವಲ್ಪ ಎತ್ತಿಕೊಡಿ. 15 ಸೆಂ.ಮೀ. ಅಗಲಕ್ಕೆ ಸುಮಾರು 1,200 ಪಿಕ್ಸೆಲ್ ಸಾಕು. ಕ್ಯಾಪ್ಶನ್‌ನಲ್ಲಿ ಯಾರು, ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾರೆ ಎಂಬುದು ಬರಲೇಬೇಕು, ಹೆಸರಿನ ಅಕ್ಷರ ಅವರನ್ನೇ ಕೇಳಿ ಬರೆದುಕೊಳ್ಳಿ.

ಬೆಳಕಿಂಡಿ

ತುಂಬಾ ಉಪಕಾರವಾಯಿತು. ಪತ್ರಿಕೆಯ ಚಿತ್ರಕ್ಕೆ ಅವರನ್ನು ಕಿಟಕಿಯ ಕಡೆ ತಿರುಗಿ ಕೂರಲು ಹೇಳಬಹುದೇ? ಹಿಂದಿನ ವೈರು ಅಳಿಸಬಹುದೇ?

ಸುದ್ದಿಕಣ್ಣು

ಎರಡೂ ಬೇಡ, ಸುದ್ದಿಚಿತ್ರ ಇದ್ದದ್ದನ್ನು ಇದ್ದ ಹಾಗೆ ತೋರಿಸಬೇಕು. ನೀವೇ ಜಾಗ ಬದಲಿಸಿ, ವೈರು ಚೌಕಟ್ಟಿನಿಂದ ತಾನಾಗಿ ಆಚೆ ಹೋಗುತ್ತದೆ. ಕೈಪಿಡಿಗೆ, ಮಾರಾಟಕ್ಕೆ ಎರಡೂ ಸರಿ. ಆದರೆ ಮಾರಾಟದ ಚಿತ್ರದಲ್ಲಿ ಗೊಂಬೆಯ ಬಣ್ಣ ಏರಿಸಬೇಡಿ, ಪೆಟ್ಟಿಗೆ ಬಿಚ್ಚಿದವರು ವಾಪಸ್ ಕಳಿಸುತ್ತಾರೆ. ಲೇತ್ ಹತ್ತಿರ ಹೋಗುವಾಗ ಕ್ಯಾಮೆರಾ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳಿ, ದುಪಟ್ಟಾ ಇದ್ದರೆ ತೆಗೆದಿಡಿ.

ಮಸೂರ

ಸಲ್ಲಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಕ್ಯಾಪ್ಶನ್ ಮುಚ್ಚಿ, ವಿಷಯ ಗೊತ್ತಿಲ್ಲದವರಿಗೆ ಪ್ರತಿ ಚಿತ್ರವನ್ನು ಐದು ಸೆಕೆಂಡ್ ತೋರಿಸಿ, "ಏನು ಕಂಡಿತು?" ಎಂದಷ್ಟೇ ಕೇಳಿ. ಕೈಪಿಡಿಯ ಚಿತ್ರ ನೋಡಿ "ಬಣ್ಣ ಚೆನ್ನಾಗಿದೆ" ಅಂದರೆ ಆ ಚಿತ್ರವನ್ನು ಮತ್ತೆ ತೆಗೆಯಿರಿ. ಅವರ ಉತ್ತರಗಳನ್ನು ಪ್ರಾಜೆಕ್ಟ್ ವರದಿಗೇ ಸೇರಿಸಿ, ವೈವಾದಲ್ಲಿ ಕೇಳುವುದು ಅದನ್ನೇ.